ಸೇಲಂನ ಅಜ್ಜಿಯನ್ನು ಬರೆಯಲು ಹೊರಟವಳಿಗೆ

ಚಿ. ಸೌ. ಮಗಳಿಗೆ,
ನಿನ್ನ ಮೇಷ್ಟ್ರ ಆಶೀರ್ವಾದಗಳು.

ನೀನು ಕಳಿಸಿದ ನಲವತ್ತು ಪುಟಗಳನ್ನು ಎರಡು ಸಲ ಓದಿದೆ. ಮೊದಲ ಸಲ ಕುರ್ಚಿ ಬಿಟ್ಟು ಏಳದೆ, ಎರಡನೇ ಸಲ ಪೆನ್ಸಿಲ್ ಹಿಡಿದು. ನಿನ್ನ ಅತ್ತೆಯವರ ಮನೆತನದ ವಂಶವೃಕ್ಷದಲ್ಲಿ, ಹನ್ನೆರಡು ತಲೆಮಾರಿನ ಹಿಂದೆ, 1692ರ ಜೂನ್ 10ರಂದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಮಾಟಗಾತಿ ಎಂಬ ಆರೋಪದ ಮೇಲೆ ನೇಣಿಗೇರಿದ ಬ್ರಿಜೆಟ್ ಬಿಷಪ್ ಇದ್ದಾಳೆ ಎಂದು ಗೊತ್ತಾದ ದಿನ ನೀನು ಫೋನಿನಲ್ಲಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಮೇಷ್ಟ್ರೇ, ಹಾಗಾದರೆ ಇವಳು ನನ್ನ ಮಗಳಿಗೂ ಅಜ್ಜಿ ಅಲ್ಲವಾ?’ ಹೌದು, ಅಜ್ಜಿಯೇ. ಅದಕ್ಕೇ ಈ ಕಾಗದ ಸ್ವಲ್ಪ ಉದ್ದವಾಗುತ್ತದೆ.

ನಿನ್ನ ಮೊದಲ ಅಧ್ಯಾಯ ಹೆಂಡದಂಗಡಿಯಲ್ಲಿ ಶುರುವಾಗುತ್ತದೆ. ಸೇಲಂ ವಿಲೇಜಿನಲ್ಲಿ, ಅಂದರೆ ಈಗಿನ ಡ್ಯಾನ್‌ವರ್ಸ್‌ನಲ್ಲಿ, ಬ್ರಿಜೆಟ್ ಸರಿರಾತ್ರಿಯವರೆಗೆ ಹುಡುಗರನ್ನು ಕೂರಿಸಿಕೊಂಡು ಕುಡಿಸುತ್ತಾಳೆ, ಆಟ ಆಡಿಸುತ್ತಾಳೆ, ಕೆಂಪು ಕುಪ್ಪಸ ತೊಟ್ಟು ನಗುತ್ತಾಳೆ. ನೀನು ಬರೆದದ್ದರಲ್ಲೆಲ್ಲ ಚೆನ್ನಾಗಿರುವ ಪುಟಗಳು ಅವೇ. ಅವನ್ನು ತೆಗೆದುಬಿಡು. ಅಲ್ಲಿರುವವಳು ನಿನ್ನ ಬ್ರಿಜೆಟ್ ಅಲ್ಲವೇ ಅಲ್ಲ.

ಆ ಅಂಗಡಿ ನಡೆಸುತ್ತಿದ್ದವಳು ಸಾರಾ ಬಿಷಪ್ ಎಂಬ ಬೇರೆ ಹೆಂಗಸು. ಅವಳ ಗಂಡನ ಹೆಸರೂ ಎಡ್ವರ್ಡ್ ಬಿಷಪ್, ಬ್ರಿಜೆಟ್‌ಳ ಕೊನೆಯ ಗಂಡನ ಹೆಸರೂ ಎಡ್ವರ್ಡ್ ಬಿಷಪ್. ಇಬ್ಬರು ಹೆಂಗಸರ ಮೇಲೂ ಒಂದೇ ವರ್ಷ ಆರೋಪ ಬಂತು. ಸಾರಾ ಸೆರೆಯಿಂದ ತಪ್ಪಿಸಿಕೊಂಡು ಬದುಕಿಕೊಂಡಳು. ಬರೆಯುವವರು ಮಾತ್ರ ತಲೆಮಾರುಗಟ್ಟಲೆ ಇಬ್ಬರನ್ನೂ ಕಲಸಿ ಒಬ್ಬಳನ್ನು ಮಾಡಿಟ್ಟರು. 1981ರಲ್ಲಿ ಡೇವಿಡ್ ಗ್ರೀನ್ ಎಂಬ ವಂಶಾವಳಿ ಸಂಶೋಧಕರು ಕಾಗದಪತ್ರಗಳನ್ನು ಬಿಡಿಸಿ ನೋಡಿದಾಗ ಈ ಗಂಟು ಸಡಿಲವಾಯಿತು. ಆದರೆ ನಿನ್ನ ಅತ್ತೆಯವರ ಮನೆಯ ಹಳೇ ಪಟ್ಟಿಯಂಥ ಎಷ್ಟೋ ಪಟ್ಟಿಗಳಲ್ಲಿ ಹೆಂಡದಂಗಡಿ ಇನ್ನೂ ಹಾಗೇ ಉಳಿದಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. 1692ರ ಏಪ್ರಿಲ್ 19ರಂದು ವಿಲೇಜಿನ ಪ್ರಾರ್ಥನಾ ಮಂದಿರದಲ್ಲಿ ಅವಳ ವಿಚಾರಣೆಯಾದಾಗ, ಅವಳ ಮಾಟದಿಂದಲೇ ನರಳುತ್ತಿದ್ದೇವೆ ಎನ್ನುತ್ತಿದ್ದ ಹುಡುಗಿಯರನ್ನು ತೋರಿಸಿ ಕೇಳಿದಾಗ, ಅವಳು ಹೇಳಿದ್ದು ದಾಖಲೆಯಲ್ಲಿದೆ: ಇವರನ್ನು ನಾನು ಹಿಂದೆ ಕಂಡವಳಲ್ಲ, ಈ ಜಾಗಕ್ಕೆ ನಾನು ಬಂದವಳೇ ಅಲ್ಲ. ಊರಿನಲ್ಲಿ ಅಂಗಡಿ ಇಟ್ಟವಳು ಊರವರೆದುರು ಇಂಥ ಮಾತು ಆಡುವುದುಂಟೇ? ಅವಳ ಮನೆ ಇದ್ದದ್ದು ವಿಲೇಜಿನಲ್ಲಲ್ಲ, ಸೇಲಂ ಪಟ್ಟಣದಲ್ಲಿ. ಅವಳು ನಿಜ ಹೇಳಿದಳು. ಅಂದಿನವರು ನಂಬಲಿಲ್ಲ, ಆಮೇಲೆ ಬರೆದವರು ಅದನ್ನು ಗಮನಿಸಲೂ ಇಲ್ಲ. ಅದೇ ವಿಚಾರಣೆಯಲ್ಲಿ ‘ಮಾಟಗಾತಿ ಅಂದರೆ ಏನೆಂದೇ ನನಗೆ ಗೊತ್ತಿಲ್ಲ’ ಎಂದಳು. ‘ಅದು ಏನೆಂದೇ ಗೊತ್ತಿಲ್ಲದ ಮೇಲೆ ನೀನು ಮಾಟಗಾತಿ ಅಲ್ಲ ಅನ್ನುವುದು ನಿನಗೆ ಹೇಗೆ ಗೊತ್ತು?’ ಎಂದು ಮ್ಯಾಜಿಸ್ಟ್ರೇಟ್ ತಿರುಗಿ ಕೇಳಿದ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಮಗು.

ಅವಳನ್ನು 1692ರ ಕೋರ್ಟಿನ ಹೊರಗೆ ಹುಡುಕು. ಕೋರ್ಟಿನ ಕಾಗದ ಬರೆಸಿದವರೆಲ್ಲ ಅವಳ ವಿರುದ್ಧ ನಿಂತವರು. ಹೊರಗೆ ಹುಡುಕುವಾಗ ಹೆಸರು ನಿನ್ನನ್ನು ದಾರಿ ತಪ್ಪಿಸುತ್ತದೆ, ಹೆಣ್ಣಿನ ಹೆಸರು ಮದುವೆಗೊಂದು ಸಲ ಬದಲಾಗುತ್ತಿತ್ತಲ್ಲ. 1660ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಸ್ಯಾಮ್ಯುಯೆಲ್ ವ್ಯಾಸಲ್ಬಿಯನ್ನು ಮದುವೆಯಾದಾಗ ಅವಳು ಬ್ರಿಜೆಟ್ ಪ್ಲೇಫರ್. ಕಡಲು ದಾಟಿ ಬಂದು, ಗಂಡನನ್ನು ಕಳೆದುಕೊಂಡು, 1666ರಲ್ಲಿ ಸೇಲಂನ ಥಾಮಸ್ ಆಲಿವರನ ಕೈಹಿಡಿದಳು. 1667ರಲ್ಲಿ ಹುಟ್ಟಿದ ಮಗಳು ಕ್ರಿಶ್ಚಿಯನ್. ನಿನ್ನ ಮಗಳಿಗೆ ಬಂದಿರುವ ಬಳ್ಳಿ ಅವಳದೇ. ಆಲಿವರ್ ಹೊಡೆಯುತ್ತಿದ್ದ. ಅವಳ ಮುಖ ಒಮ್ಮೆ ರಕ್ತವಾಗಿರುತ್ತಿತ್ತು, ಇನ್ನೊಮ್ಮೆ ಕಪ್ಪುನೀಲಿ ಬಾತಿರುತ್ತಿತ್ತು ಎಂದು 1670ರಲ್ಲಿ ನೆರೆಯವಳೊಬ್ಬಳು ಸಾಕ್ಷಿ ಹೇಳಿದ್ದಾಳೆ. 1679ರಲ್ಲಿ ಅವನು ತೀರಿಕೊಂಡ, ಆಸ್ತಿ ಇವಳ ಕೈಗೆ ಬಂತು. ಮೊದಲ ಸಲ ಮಾಟದ ಆರೋಪ ಬಂದದ್ದು 1680ರಲ್ಲಿ. ಈ ಎರಡು ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಕೂತು ಯೋಚಿಸು, ಆದರೆ ಒಂದರಿಂದಲೇ ಇನ್ನೊಂದಾಯಿತು ಎಂದು ಬರೆದುಬಿಡಬೇಡ. ಬಿಷಪ್ ಎಂಬ ಹೆಸರು ಕೊನೆಗೆ ಬಂದದ್ದು. 1692ರಲ್ಲೂ ಎಷ್ಟೋ ಸಾಕ್ಷಿಗಳು ಅವಳನ್ನು ಆಲಿವರ್ ಎಂದೇ ಕರೆಯುತ್ತಾರೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಮೂವತ್ತನೇ ವಯಸ್ಸಿನಲ್ಲಿ ನಮ್ಮೂರಿನ ಒಬ್ಬ ಮುದುಕಿಯ ಮೇಲೆ ಕಥೆ ಬರೆದೆ. ಅವಳ ಕಣ್ಣು ಬಿದ್ದರೆ ಹಸು ಹಾಲು ಬಿಡುವುದಿಲ್ಲ ಅನ್ನುತ್ತಿದ್ದರು, ಅವಳ ಜಗಲಿ ಹತ್ತಬೇಡ ಎಂದು ಅಮ್ಮ ನಮ್ಮನ್ನು ಗದರುತ್ತಿದ್ದಳು. ಕೇಳಿದ್ದನ್ನೆಲ್ಲ ಚಂದ ಮಾಡಿ ಬರೆದೆ, ಕಥೆಗೆ ಬಹುಮಾನವೂ ಬಂತು. ವರ್ಷಗಳಾದ ಮೇಲೆ ಅವಳ ಮೊಮ್ಮಗಳು ಮನೆಗೆ ಬಂದು ಒಂದು ಹಳೇ ಪಹಣಿ ನನ್ನ ಮುಂದಿಟ್ಟಳು. ಗಂಡ ಸತ್ತ ಮೇಲೆ ಎರಡು ಎಕರೆ ತೋಟ ಆ ಮುದುಕಿಯ ಹೆಸರಿಗಾಗಿತ್ತು, ಮೈದುನರು ಎಷ್ಟು ಕೇಳಿದರೂ ಅವಳು ಬಿಟ್ಟುಕೊಟ್ಟಿರಲಿಲ್ಲ. ‘ಇದು ನಿಮ್ಮ ಕಥೆಯಲ್ಲಿ ಇಲ್ಲವಲ್ಲ ಸರ್’ ಎಂದಳು. ಇಷ್ಟೇ ಹೇಳಿ, ಕಾಫಿ ಕುಡಿಯದೆ ಎದ್ದು ಹೋದಳು. ಆ ಕಥೆಯನ್ನು ನಾನು ಯಾವ ಸಂಕಲನಕ್ಕೂ ಮತ್ತೆ ಸೇರಿಸಿಲ್ಲ.

ಹಾಗೆಂದು ವಿರೋಧಿಗಳ ಸಾಕ್ಷ್ಯವನ್ನು ಎಸೆಯಬೇಡ. ಅವಳ ಬಗ್ಗೆ ಬೇರೆಲ್ಲೂ ಸಿಗದ ಸಣ್ಣಪುಟ್ಟ ಸಂಗತಿಗಳು ಅಲ್ಲೇ ಇವೆ. ಬಟ್ಟೆಗೆ ಬಣ್ಣ ಹಾಕುವ ಸ್ಯಾಮ್ಯುಯೆಲ್ ಶಾಟಕ್ ಹೇಳುತ್ತಾನೆ: ಬಣ್ಣಕ್ಕೆಂದು ಅವಳು ತರುತ್ತಿದ್ದ ಲೇಸಿನ ತುಂಡುಗಳಲ್ಲಿ ಕೆಲವು ಎಷ್ಟು ಗಿಡ್ಡವೆಂದರೆ ಯಾವುದಕ್ಕೂ ಉಪಯೋಗ ಬರುವಂತೆ ಕಾಣುತ್ತಿರಲಿಲ್ಲ. ಕೋರ್ಟಿಗೆ ಅದು ಮಾಟದ ಗೊಂಬೆಯ ಬಟ್ಟೆಯಂತೆ ಕೇಳಿಸಿರಬೇಕು. ನೀನು ಅದರಲ್ಲಿ ಏನು ನೋಡುತ್ತೀಯ? ಚೂರು ಲೇಸನ್ನೂ ಎಸೆಯದೆ, ಕಾಸು ಕೊಟ್ಟು ಬಣ್ಣ ಹಾಕಿಸಿ ತೊಡಬೇಕೆಂದು ಆಸೆಪಟ್ಟ ಒಂದು ಹೆಣ್ಣು ನನಗೆ ಕಾಣುತ್ತಾಳೆ. ನಿನ್ನ ಮೊದಲ ಅಧ್ಯಾಯ ಆ ಬಣ್ಣದ ಬಾನಿಯ ಮುಂದೆ ಶುರುವಾಗಲಿ. ಕೆಂಪು ಕುಪ್ಪಸವೂ ಇರಲಿ, ಅದು ಅವಳದೇ. ಆದರೆ ಅದು ದಾಖಲೆಗೆ ಬಂದದ್ದು ಹೇಗೆ ನೋಡು: ರಾತ್ರಿ ಹೆಂಡತಿಯ ಪಕ್ಕದಲ್ಲಿ ಮಲಗಿದ್ದಾಗ ಬ್ರಿಜೆಟ್ ಬಂದು ಎದೆಯ ಮೇಲೆ ಮಲಗಿದಳು, ದಿನಾ ತೊಡುವ ಕೆಂಪು ಕುಪ್ಪಸದಲ್ಲೇ ಇದ್ದಳು ಎಂದು ರಿಚರ್ಡ್ ಕೋಮನ್ ಎಂಟು ವರ್ಷದ ಹಿಂದಿನ ಮಾತು ಹೇಳಿದ. ಕುಪ್ಪಸ ಬೀದಿಯಲ್ಲಿ ಕಂಡದ್ದು, ಎದೆಯ ಮೇಲಿನ ಭಾರ ಅವನದು. ಎರಡನ್ನೂ ಬೇರೆ ಮಾಡಿ ಬರೆ.

ಇನ್ನು ಮಾತಿನ ವಿಷಯ. ‘ಭಾನಾಮತಿ’ ಎಂದು ಮೂರು ಕಡೆ ಬಳಸಿದ್ದೀಯ. ಆ ಪದದ ಹಿಂದೆ ನಮ್ಮ ಬೀದರ್, ಕಲಬುರಗಿಯ ಊರುಗಳೇ ಎದ್ದುಬರುತ್ತವೆ, ಬೇಡ. ಮಾಟಗಾತಿ ಸಾಕು, ಜೊತೆಗೆ, ಸೈತಾನನ ಪುಸ್ತಕಕ್ಕೆ ರುಜು ಹಾಕಿದಳೆನ್ನುವುದೇ ಅಲ್ಲಿನವರ ಭಯದ ಬೇರು ಎಂದು ಓದುಗರಿಗೆ ತಿಳಿಸು. ‘ಗುಡಿ ಆಲಿವರ್’ ಎಂದು ಬರೆದರೆ ಕನ್ನಡದ ಕಣ್ಣಿಗೆ ದೇವಸ್ಥಾನವೇ ಕಾಣುತ್ತದೆ, ಮದುವೆಯಾದ ಹೆಂಗಸನ್ನು ಅಲ್ಲಿ ಕರೆಯುತ್ತಿದ್ದಂತೆ ಗುಡ್‌ವೈಫ್ ಎಂದು ಪೂರ್ತಿ ಬರೆ. ‘ಸುಟ್ಟರು’ ಎಂದಿರುವ ಸಾಲನ್ನು ಹೊಡೆದುಹಾಕು. ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ. ಹತ್ತೊಂಬತ್ತು ಜನರನ್ನು ನೇಣು ಹಾಕಿದರು, ಜೈಲ್ಸ್ ಕೋರಿ ಎಂಬ ಮುದುಕನನ್ನು ಕಲ್ಲು ಹೇರಿ ಕೊಂದರು. ತಾರೀಖಿನಲ್ಲೂ ಎಚ್ಚರ: ಅವರ ಹೊಸ ವರ್ಷ ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಅದಕ್ಕೇ ಫೆಬ್ರವರಿಯ ಕಾಗದಗಳಲ್ಲಿ 1691/92 ಎಂದಿರುತ್ತದೆ, ನೋಡಿ ಗಾಬರಿಯಾಗಬೇಡ.

1711ರಲ್ಲಿ ಹಲವರ ಶಿಕ್ಷೆ ರದ್ದಾದಾಗ ಆ ಪಟ್ಟಿಯಲ್ಲಿ ಇವಳ ಹೆಸರಿರಲಿಲ್ಲ. ಮ್ಯಾಸಚೂಸೆಟ್ಸ್ ಇವಳ ಹೆಸರು ಹಿಡಿದು ನಿರ್ದೋಷಿ ಎಂದದ್ದು 2001ರಲ್ಲಿ. ಇದನ್ನು ಕೊನೆಯ ಅಧ್ಯಾಯ ಮಾಡುತ್ತೇನೆ ಎಂದಿದ್ದೀಯ. ನನ್ನ ಮನಸ್ಸು ಒಪ್ಪುತ್ತಿಲ್ಲ. ಮರಣದಂಡನೆಯ ವಾರಂಟು ಉಳಿದಿದೆ, ಅದರಲ್ಲಿ ಶೆರೀಫ್ ಜಾರ್ಜ್ ಕಾರ್ವಿನ್ ಬರೆದ ವರದಿಯೂ ಇದೆ. ಸಾಯುವವರೆಗೆ ನೇಣು ಹಾಕಿಸಿದೆ ಎಂದು ಬರೆದು, ಅದರ ಬೆನ್ನಿಗೇ ‘ಅಲ್ಲೇ ಹೂಳಲಾಯಿತು’ ಎಂದೂ ಬರೆದು, ಆ ಮಾತುಗಳ ಮೇಲೆ ಗೆರೆ ಎಳೆದಿದೆ. ಅದನ್ನು ಓದು, ಗೆರೆಯ ಸಮೇತ. ಮಗಳನ್ನೂ ಕರೆದುಕೊಂಡು ಸೇಲಂನ ಸ್ಮಾರಕಕ್ಕೆ ಹೋಗಿ ಬಾ. ಅಲ್ಲಿ ಅವಳ ಹೆಸರಿನ ಕಲ್ಲಿನ ಆಸನವಿದೆ, ಒಂದಷ್ಟು ಹೊತ್ತು ಇಬ್ಬರೂ ಕೂತಿರಿ. ಕೊನೆಯ ಅಧ್ಯಾಯವನ್ನು ಆಮೇಲೆ ಬರೆದು ಕಳಿಸು.

ಪುಟ್ಟಿಗೆ ನನ್ನ ಮುದ್ದು, ನಿನ್ನ ಅತ್ತೆಯವರಿಗೆ ನಮಸ್ಕಾರ.

ಇಂತಿ,
ನಿನ್ನ ಮೇಷ್ಟ್ರು