ಸೊನ್ನೆ ಬಂದರೆ ಏನರ್ಥ ಎಂದೂ ಹೇಳಿಕೊಡಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯು ಓದುವ ಮೊಮ್ಮಗಳ ನೋಟ್‌ಬುಕ್ಕಿನ ತುಂಬ ಡಿಟರ್ಮಿನೆಂಟ್‌ಗಳು. ಚೌಕವಾಗಿ ಜೋಡಿಸಿದ ಸಂಖ್ಯೆಗಳಿಂದ, ಅಂದರೆ ಮ್ಯಾಟ್ರಿಕ್ಸಿನಿಂದ, ಲೆಕ್ಕ ಹಾಕಿ ಪಡೆಯುವ ಒಂದು ಸಂಖ್ಯೆಯೇ ಡಿಟರ್ಮಿನೆಂಟ್. ‘ಸೊನ್ನೆಯಾದರೆ ಇನ್ವರ್ಸ್ ಇಲ್ಲ’ (ಆ ಮ್ಯಾಟ್ರಿಕ್ಸಿನ ಪರಿಣಾಮವನ್ನು ಅಳಿಸಿ ಮೊದಲಿನಂತಾಗಿಸುವ ಮ್ಯಾಟ್ರಿಕ್ಸೇ ಇನ್ವರ್ಸ್) ಎಂಬ ಸಾಲಿಗೆ ಕೆಂಪು ಗೆರೆ. ಏಕಿಲ್ಲ ಎಂದು ಕೇಳಿದರೆ, ‘ಅದು ಪರೀಕ್ಷೆಗೆ ಬರುವುದಿಲ್ಲ ತಾತ’ ಎಂದಳು. ಟ್ಯೂಷನ್‌ನವರು ಹಾಗೆಂದರಂತೆ!

ದಾವಣಗೆರೆಯಲ್ಲಿ ಉದಾಹರಣೆಗೆ ಬರವೇ? ಎರಡು ಬೆಣ್ಣೆದೋಸೆ, ಒಂದು ಕಾಫಿಗೆ 140 ರೂಪಾಯಿ. ಮೂರು ದೋಸೆ, ಎರಡು ಕಾಫಿಗೆ 220 ಎನ್ನಿ. ದೋಸೆ, ಕಾಫಿಗಳ ಎಣಿಕೆಯನ್ನು ಮೇಲಿನ ಸಾಲಿನಲ್ಲಿ 2, 1, ಕೆಳಗಿನ ಸಾಲಿನಲ್ಲಿ 3, 2 ಎಂದು ಬರೆದುಕೊಳ್ಳಿ. 2×2ರಲ್ಲಿ 1×3 ಕಳೆದರೆ ಡಿಟರ್ಮಿನೆಂಟ್ 1. ಮುಖ್ಯ ಕರ್ಣದ (ಎಡ ಮೇಲ್ತುದಿಯಿಂದ ಬಲ ಕೆಳತುದಿಗೆ) ಸಂಖ್ಯೆಗಳನ್ನು ಅದಲುಬದಲು ಮಾಡಿ, ಉಳಿದೆರಡರ ಚಿಹ್ನೆ ಬದಲಿಸಿ, ಡಿಟರ್ಮಿನೆಂಟಿನಿಂದ ಭಾಗಿಸಿದರೆ ಇನ್ವರ್ಸ್ ಸಿದ್ಧ. ಅದರಿಂದ ಬಿಲ್ಲಿನ ಮೊತ್ತಗಳನ್ನು ಗುಣಿಸಿದರೆ ದೋಸೆ 60, ಕಾಫಿ 20. ಎರಡನೆಯ ಬಿಲ್ಲು ನಾಲ್ಕು ದೋಸೆ, ಎರಡು ಕಾಫಿಗೆ 280 ಎಂದಿದ್ದರೆ? ಡಿಟರ್ಮಿನೆಂಟ್ ಸೊನ್ನೆ. ಮೊದಲ ಬಿಲ್ಲನ್ನೇ ಇಮ್ಮಡಿಸಿದ್ದಾರೆ, ಹೊಸ ಸುದ್ದಿಯೇನೂ ಇಲ್ಲ. ದೋಸೆಯ ಬೆಲೆ ಬ್ರಹ್ಮನಿಗೂ ಸಿಗದು.

ಜಪಾನಿನ ಗಣಿತಜ್ಞ ಸೆಕಿ 1683ರಲ್ಲೇ ಡಿಟರ್ಮಿನೆಂಟ್ ಬಳಸಿದ್ದು ಸಮೀಕರಣಗಳಿಂದ ಅಜ್ಞಾತಗಳನ್ನು ತೆಗೆದುಹಾಕಲು. ಇಂಗ್ಲೆಂಡಿನ ಗಣಿತಜ್ಞ ಕೇಲಿ ಮ್ಯಾಟ್ರಿಕ್ಸ್‌ಗಳ ಬೀಜಗಣಿತ ಪ್ರಕಟಿಸಿದ್ದು 1858ರಲ್ಲಿ. ನಮ್ಮ ಪಠ್ಯದಲ್ಲಿ ಮಾತ್ರ ಕ್ರಮ ತಿರುಗುಮುರುಗು: ಮೊದಲು ಮ್ಯಾಟ್ರಿಕ್ಸ್, ಆಮೇಲೆ ಡಿಟರ್ಮಿನೆಂಟ್, ಸಮೀಕರಣಗಳು ಅಧ್ಯಾಯದ ಬಾಲದಲ್ಲಿ.

ಪರೀಕ್ಷೆಗೆ ಮೊದಲು ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಇಂಥ ಒಂದೆರಡು ಲೆಕ್ಕ ಹಾಕಿ. ಉತ್ತರವನ್ನು ಮರುದಿನ ಪ್ರಕಟಿಸಿದರೆ ಸಾಕು.

— ನಿವೃತ್ತ ಗಣಿತ ಉಪನ್ಯಾಸಕ, ವಿದ್ಯಾನಗರ, ದಾವಣಗೆರೆ