ಒಂದೇ ಬ್ರೌಸರಿಗೆ ಕಟ್ಟಿಹಾಕಬೇಡಿ

ಮಾನ್ಯ ಸಂಪಾದಕರೇ,

ನಾನು ಮಡಿಕೇರಿಯಲ್ಲಿ ಹೋಂಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಕಳೆದ ವಾರ ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ಫೋನ್ ಮಾಡಿ, ಒಂದು ಕಚೇರಿಯ ಆನ್‌ಲೈನ್ ಅರ್ಜಿ ತುಂಬಲು ಆಗುತ್ತಿಲ್ಲ ಎಂದರು. ಹೋಗಿ ನೋಡಿದರೆ, ಆ ಪುಟ ಇಂಟರ್ನೆಟ್ ಎಕ್ಸ್‌ಪ್ಲೋರರ್ (ಐಇ) ಎಂಬ ಹಳೆ ಬ್ರೌಸರಿನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು! ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೇ ಅದನ್ನು ಕೈಬಿಟ್ಟಿದೆ. ಅವರದೇ ಹೊಸ ಬ್ರೌಸರ್ ಎಡ್ಜ್‌ನಲ್ಲಿ, ಹಳೆ ಪುಟಗಳನ್ನು ತೆರೆಯುವ 'ಐಇ ಮೋಡ್' ಆನ್ ಮಾಡಿ, ಮಳೆಗೆ ಕರೆಂಟ್ ಹೋಗುವ ಮುಂಚೆ ಹೇಗೋ ಅರ್ಜಿ ಕಳಿಸಿದೆವು.

ನನ್ನ ಕೆಲಸದಲ್ಲೂ ಇದೇ ಗೋಳು. ಕೆಲವು ಹೋಂಸ್ಟೇಗಳಲ್ಲಿ ಇನ್ನೂ ವಿಂಡೋಸ್ 7 ಇದೆ. ಅದರಲ್ಲಿ ಕ್ರೋಮ್ ಬ್ರೌಸರ್ 109ನೇ ಆವೃತ್ತಿಗೇ ನಿಂತುಬಿಟ್ಟಿದೆ. ಹಳೆ ಐಫೋನಿಗೆ ಹೊಸ ಐಓಎಸ್ (ಫೋನಿನ ಮೂಲ ತಂತ್ರಾಂಶ) ಬರದಿದ್ದರೆ ಅದರ ಬ್ರೌಸರ್ ಸಫಾರಿಯೂ ಹಳೆಯದೇ. ಕೋಣೆಗಳ ಫೋಟೊ ನಡುವೆ ಜಾಗ ಬಿಡಲು ಫ್ಲೆಕ್ಸ್‌ಬಾಕ್ಸ್ ಎಂಬ ಜೋಡಣೆಯ ವಿಧಾನದಲ್ಲಿ 'ಗ್ಯಾಪ್' ಎಂದು ಬರೆದರೆ ಕ್ರೋಮ್ 2020ರಿಂದ ಒಪ್ಪುತ್ತದೆ, ಸಫಾರಿ ಒಪ್ಪಿದ್ದು 2021ರಲ್ಲಿ. ಅದಕ್ಕಿಂತ ಹಳೆಯದರಲ್ಲಿ ಫೋಟೊಗಳು ಅಂಟಿಕೊಂಡೇ ಕೂರುತ್ತವೆ. ಅದಕ್ಕೇ ನಾನು ಪ್ರತಿ ಫೋಟೊದ ಸುತ್ತ ಜಾಗ ಬಿಡುವ ಹಳೆ ವಿಧಾನ 'ಮಾರ್ಜಿನ್' ಬಳಸುತ್ತೇನೆ. ದರ ಮತ್ತು ಫೋನ್ ನಂಬರು ಜಾವಾಸ್ಕ್ರಿಪ್ಟ್ (ಪುಟದೊಳಗೆ ಓಡುವ ಪ್ರೋಗ್ರಾಂ) ಇಲ್ಲದೆಯೂ ಕಾಣಬೇಕು, ಅದರಲ್ಲಿ ರಾಜಿ ಇಲ್ಲ.

ಕಚೇರಿಗಳವರೂ ತಮ್ಮ ಪುಟವನ್ನು ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರಲ್ಲೂ ತೆರೆದು ನೋಡಲಿ, ಜೊತೆಗೆ ಒಂದು ಹಳೆ ಫೋನಿನಲ್ಲೂ. ಒಂದು ಅರ್ಜಿಗಾಗಿ ಬೆಳೆಗಾರರು ಇಡೀ ದಿನ ತೋಟ ಬಿಟ್ಟು ಪೇಟೆಗೆ ಬರಬೇಕಾ?

– ವೆಬ್ ಡೆವಲಪರ್, ಮಡಿಕೇರಿ