ಭಾನುವಾರ ರೆಫರಿ ಆಗುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಕ್ಕಳ ರಗ್ಬಿ ಹಬ್ಬಕ್ಕೆ ರೆಫರಿ ಆಗಲು ಹೆಸರು ಕೊಟ್ಟ ಅಪ್ಪ ಅಮ್ಮಂದಿರು ಇದನ್ನು ದಯವಿಟ್ಟು ಪೂರ್ತಿ ಓದಿ.

ಅಂಡರ್-7, ಅಂಡರ್-8 ಮಕ್ಕಳದ್ದು ಟ್ಯಾಗ್ ರಗ್ಬಿ. ಚೆಂಡು ಹಿಡಿದವರ ಸೊಂಟದ ಟ್ಯಾಗ್ (ಸಿಕ್ಕಿಸಿದ ಪಟ್ಟಿ) ಕಿತ್ತರೆ ಸಾಕು, ಕೆಡವುವಂತಿಲ್ಲ. ಅಂಡರ್-9ರಿಂದ ಟ್ಯಾಕಲ್ (ಚೆಂಡು ಹಿಡಿದವರನ್ನು ತಬ್ಬಿ ಕೆಡವುವುದು) ಶುರು, ಅಲ್ಲಿ ಜಾಸ್ತಿ ಎಚ್ಚರ ಬೇಕು. ಇಂಗ್ಲೆಂಡಿನ ಕ್ಲಬ್ ರಗ್ಬಿಯಲ್ಲಿ 2023ರಿಂದ ಟ್ಯಾಕಲ್ ಎದೆಮೂಳೆಯ ಕೆಳತುದಿಗಿಂತ ಮೇಲೆ ಹೋಗುವಂತಿಲ್ಲ. ಹೋದರೆ ತಕ್ಷಣ ಸೀಟಿ ಊದಿ. ಆದರೆ ಸುಮ್ನೆ ಪೆನಾಲ್ಟಿ ಕೊಟ್ಟು ಮುಂದೆ ಹೋಗಬೇಡಿ. ಕೈ ಎಲ್ಲಿ ಹಿಡಿಯಬೇಕಿತ್ತು ಅಂತ ಮಗುವಿಗೆ ತೋರಿಸಿ. ಅವರು ಕಲಿಯಲು ಬಂದವರು.

ತಲೆಗೆ ಪೆಟ್ಟು ಬಿದ್ದು ಕನ್ಕಷನ್ (ಮಿದುಳಿಗೆ ಏಟು) ಆಗಿರಬಹುದು ಅಂತ ಅನುಮಾನ ಬಂದರೂ ಸಾಕು, ಆ ಮಗು ಹೊರಗೆ. ‘ನಾನು ಚೆನ್ನಾಗಿದ್ದೀನಿ’ ಅಂದರೂ ಅವತ್ತು ಮತ್ತೆ ಆಡಿಸಬೇಡಿ. ಆಮೇಲೂ ಕನಿಷ್ಠ 21 ದಿನ ಪಂದ್ಯ ಇಲ್ಲ.

ಹೋದ ವರ್ಷ ಹದಿನಾರರ ಹುಡುಗಿಯೊಬ್ಬಳು ರೆಫರಿ ಆಗಿದ್ದಳು. ಗೆರೆಯಾಚೆಯಿಂದ ಒಬ್ಬರು ಕೂಗಾಡಿದರು. ಅವಳು ಅಳುತ್ತಾ ಹೋದವಳು ಮತ್ತೆ ಸೀಟಿ ಹಿಡಿಯಲಿಲ್ಲ. ನನಗೆ ಆ ನೋವು ಇನ್ನೂ ಹೋಗಿಲ್ಲ. ಈ ಸಲ ಹಾಗಾಗಬಾರದು, ಅಲ್ವಾ? ಯಾರೇ ಕೂಗಿದರೂ ಆಟ ನಿಲ್ಲಿಸಿ, ನನ್ನನ್ನು ಕರೆಯಿರಿ.

ಬೆಳಿಗ್ಗೆ 8.45ಕ್ಕೆ ಮೈದಾನದಲ್ಲಿ ಸೇರೋಣ. ಸೀಟಿಗಳನ್ನು ನಾನು ತರುತ್ತೇನೆ.